ಪ್ರಯಾಣಸ್ಥನ ಮನೆ

ಹೊಟ್ಟೆಪಾಡಿಗಾಗಲಿ ಪರರ ಸೇವೆಗಾಗಲಿ ಪದೇ ಪದೇ ಮನೆ ಬಿಟ್ಟು ಹೋಗಬೇಕಾದವರು ನಮ್ಮ ಗ್ರಾಮಗಳಲ್ಲಿ ಅನೇಕರಿದ್ದಾರೆ. ಲಾರಿ ನಡಿಸುವವನು ವಾರಗಟ್ಟಲೆ ಘಟ್ಟದ ಆಚೆ ಇರುತ್ತಾನೆ. ಬಸ್ಸಿನ ಕಂಡಕ್ಟರನು ಕಡೇ ಊರಲ್ಲಿ ರಾತ್ರಿ ತಂಗಿ ಬೆಳಿಗ್ಗೆ ಹಿಂತಿರುಗುತ್ತಾನೆ. ಕರಾವಳಿಯ ಯಕ್ಷಗಾನ ಮೇಳದವರು ದೀಪಾವಳಿಯ ತರುವಾಯ ಹೊರಟು ಮೇ ತಿಂಗಳ ಪತ್ತನಾಜೆಯ ವರೆಗೆ ಊರೂರು ತಿರುಗುತ್ತಾರೆ. ಕೊಲ್ಲಿಯ ದೇಶಗಳಿಗೆ ಹೋದವರು ವರುಷಕ್ಕೋ ಎರಡು ವರುಷಕ್ಕೋ ಒಮ್ಮೆ ಬರುತ್ತಾರೆ. ದಾದಿಯರಾಗಿ ದೂರದ ಪಟ್ಟಣಗಳಲ್ಲಿ ದುಡಿಯುವ ತಾಯಂದಿರೂ ಉಂಟು. ಇವರೆಲ್ಲರ ಮುಂದೆ ನಿಲ್ಲುವ ಪ್ರಶ್ನೆ ಒಂದೇ. ಹೆಚ್ಚು ದಿವಸ ಹೊರಗಿರುವವನು ತನ್ನ ಮನೆಯನ್ನು ಒಳಗಿರುವವರಿಗೆ ಸುಖವಾದದ್ದಾಗಿಯೂ ಬಂದವರಿಗೆ ಆದರವುಳ್ಳದ್ದಾಗಿಯೂ ಇಡುವದು ಹೇಗೆ?

ಇದಕ್ಕೆ ಜನರು ಎರಡು ವಿಧವಾಗಿ ಉತ್ತರ ಕೊಡುವದುಂಟು. ಕೆಲವರು, ಕೆಲಸವು ದೊಡ್ಡದು, ಮನೆಯು ಕಾದುಕೊಂಡಿರಲಿ, ಅನ್ನುತ್ತಾರೆ. ಬೇರೆ ಕೆಲವರು, ಮನೆಯೇ ಸಕಲವು, ತಿರುಗಾಟವನ್ನು ಬಿಟ್ಟುಬಿಡಲಿ, ಅನ್ನುತ್ತಾರೆ. ಎರಡನೆಯ ಮಾತು ಕೇಳುವದಕ್ಕೆ ಇಂಪಾಗಿದ್ದರೂ ಬಡವನಿಗೆ ಪ್ರಯೋಜನವಾಗದು; ತಿರುಗಾಟವನ್ನು ಬಿಟ್ಟರೆ ಒಲೆಯು ಉರಿಯದು. ಮೊದಲನೆಯ ಮಾತನ್ನಾದರೋ ಸ್ವಲ್ಪ ವಿಚಾರಿಸಿ ನೋಡಬೇಕು. ಯಾಕಂದರೆ ಸಜ್ಜನರೇ ಅದಕ್ಕೆ ಹೆಚ್ಚಾಗಿ ಒಳಗಾಗುತ್ತಾರೆ.

ಜಾನ್ ವೆಸ್ಲಿಯು ಅರ್ಧ ಶತಮಾನ ಕಾಲ ಕುದುರೆಯ ಮೇಲೂ ಬಂಡಿಯಲ್ಲೂ ಸಂಚರಿಸಿ ಬೋಧಿಸಿದವನು. 1751ರಲ್ಲಿ ನಾಲ್ಕು ಮಕ್ಕಳಿದ್ದ ಒಬ್ಬ ವಿಧವೆಯನ್ನು ವಿವಾಹವಾದನು. ಆದರೆ ಮದುವೆಯ ನಿಮಿತ್ತವಾಗಿ ಒಂದು ದಿನದ ಪ್ರಯಾಣವನ್ನಾದರೂ ಕಡಿಮೆಮಾಡುವದು ತನಗೆ ತಕ್ಕದ್ದಲ್ಲವೆಂದು ಬೇಗನೆ ತನ್ನ ದಿನಚರಿಯಲ್ಲಿ ಬರೆದುಕೊಂಡನು. ಆ ಸಂಸಾರದಲ್ಲಿ ಸಮಾಧಾನವಿರಲಿಲ್ಲ. ಕಡೆಗೆ ಇಬ್ಬರೂ ಅಗಲಿದರು. 1781ರಲ್ಲಿ ಆಕೆಯು ತೀರಿಕೊಂಡಾಗ, ಹೂಣಿಟ್ಟ ಸುದ್ದಿಯು ಒಂದೆರಡು ದಿನಗಳಾದ ಮೇಲೆಯೇ ಅವನಿಗೆ ಮುಟ್ಟಿತು. ತಪ್ಪೆಲ್ಲಾ ಅವನದೇ ಎಂದು ಹೇಳುವದು ನ್ಯಾಯವಲ್ಲ. ಆಕೆಯ ಸ್ವಭಾವವೂ ಕಠಿಣವಾಗಿತ್ತೆಂದು ಅನೇಕರು ಬರೆದಿದ್ದಾರೆ. ಆದರೂ ಒಂದು ದಿನವನ್ನಾದರೂ ಬಿಟ್ಟುಕೊಡೆನು ಎಂಬ ನಿರ್ಣಯದ ಮೇಲೆ ಮನೆ ಕಟ್ಟುವದು ಮರಳಿನ ಮೇಲೆ ಕಟ್ಟಿದಂತೆಯೇ ಸರಿ.

ಡೇವಿಡ್ ಲಿವಿಂಗ್‌ಸ್ಟನ್ನನ ಚರಿತ್ರೆಯೂ ಇಂಥದೇ. ಅವನು 1852ರಲ್ಲಿ ಹೆಂಡತಿಯನ್ನೂ ನಾಲ್ಕು ಮಕ್ಕಳನ್ನೂ ಕೇಪ್‌ಟೌನಿನಿಂದ ಹಡಗು ಹತ್ತಿಸಿ ಬ್ರಿಟನ್ನಿಗೆ ಕಳುಹಿಸಿ, ತಾನು ಆಫ್ರಿಕಾ ಖಂಡವನ್ನು ದಾಟುವದಕ್ಕೆ ಹೊರಟನು. 1856ರ ವರೆಗೆ ಅವರನ್ನು ನೋಡಲಿಲ್ಲ. ಲೋಕವೆಲ್ಲಾ ಅವನನ್ನು ಹೊಗಳಿತು. ಆದರೆ ಮುಪ್ಪು ಸಮೀಪಿಸಿದಾಗ ಅವನು ಬರೆದ ಮಾತು ಬೇರೆ. ಹಗಲೆಲ್ಲಾ ಜನರಿಗೆ ಕಲಿಸಿ ರಾತ್ರಿ ದಣಿದು ಬರುತ್ತಿದ್ದ ಆ ಕಾಲದಲ್ಲಿ, ಮಕ್ಕಳೊಡನೆ ಆಡುವದೂ ತನ್ನ ಕರ್ತವ್ಯವೆಂದು ಎಣಿಸದೆ ಹೋದೆನಲ್ಲಾ ಎಂದು ವ್ಯಥೆಪಟ್ಟನು. ಗಮನಿಸಿರಿ, ಅವನು ದುಃಖಪಟ್ಟದ್ದು ದೂರ ಹೋದ ವರುಷಗಳಿಗಾಗಿ ಅಲ್ಲ, ಹತ್ತಿರದಲ್ಲಿದ್ದೂ ಇಲ್ಲದಂತಿದ್ದ ಸಾಯಂಕಾಲಗಳಿಗಾಗಿ.

ಇಲ್ಲಿ ನಮ್ಮ ಪ್ರಶ್ನೆಗೆ ಸ್ವಲ್ಪ ಬೆಳಕು ದೊರಕುತ್ತದೆ. ಮನೆಯಿಂದ ದೂರವಿರುವದು ಒಂದು, ಮನೆಯವರಿಂದ ದೂರವಿರುವದು ಇನ್ನೊಂದು. ಮೊದಲನೆಯದು ಅನೇಕ ವೇಳೆ ತಪ್ಪಿಸಕೂಡದ್ದು; ಎರಡನೆಯದು ನಮ್ಮ ಕೈಯಲ್ಲೇ ಇದೆ. ಸಾಲದ್ದಕ್ಕೆ, ದೂರವಿರುವವನು ತನ್ನ ಕೊರತೆಯನ್ನು ಸಾಮಾನುಗಳಿಂದ ತುಂಬಿಸಲು ನೋಡುತ್ತಾನೆ. ದೊಡ್ಡ ಟೆಲಿವಿಷನ್ನು, ಹೊಳೆಯುವ ನೆಲ, ಯಾರೂ ಕೂತುಕೊಳ್ಳದ ಮೆತ್ತನೆಯ ಆಸನಗಳು, ಇವುಗಳಿಂದ ಮನೆಯು ತುಂಬುತ್ತದೆ. ಆದರೆ ಅಪ್ಪನು ಬರುವ ದಿವಸ ಯಾವದೆಂದು ಮಗುವಿಗೆ ತಿಳಿಯದಿದ್ದರೆ ಆ ಮನೆಯಲ್ಲಿ ಸುಖವಿಲ್ಲ. ಮನೆಯ ಸುಖವೆಂಬದು ಮುಖ್ಯವಾಗಿ ನಂಬಿಕೆಯೇ. ಹೇಳಿದ ದಿವಸ ಬರುವನು, ಬಂದಾಗ ಸಿಡುಕನು, ಇದ್ದಷ್ಟು ಹೊತ್ತು ನಮ್ಮವನಾಗಿರುವನು ಎಂಬ ಭರವಸೆಯಿದ್ದರೆ ಹುಲ್ಲು ಹೊದಿಸಿದ ಮನೆಯೂ ಬೆಚ್ಚಗಿರುತ್ತದೆ.

ಅಕ್ವಿಲ ಪ್ರಿಸ್ಕಿಲ್ಲರೆಂಬ ದಂಪತಿಗಳನ್ನು ನೀವೆಲ್ಲರೂ ಬಲ್ಲಿರಿ. ಚಕ್ರವರ್ತಿಯಾದ ಕ್ಲೌದ್ಯನ ಅಪ್ಪಣೆಯಿಂದ ಅವರು ರೋಮಾಪುರವನ್ನು ಬಿಟ್ಟು ಕೊರಿಂಥಕ್ಕೆ ಬಂದರು. ಅಲ್ಲಿಂದ ಎಫೆಸಕ್ಕೆ, ತರುವಾಯ ತಿರಿಗಿ ರೋಮಾಪುರಕ್ಕೆ. ಗುಡಾರ ಮಾಡುವದು ಅವರ ಕಸುಬು. ಇಷ್ಟು ಅಲೆದವರ ಮನೆಯಲ್ಲಿ ಏನಿದ್ದೀತು? ಆದರೂ ಕೊರಿಂಥದಲ್ಲಿ ಪೌಲನಿಗೆ ಅವರ ಮನೆಯಲ್ಲಿ ಸ್ಥಳವಿತ್ತು. ಎಫೆಸದಲ್ಲಿ ಅಪೊಲ್ಲೋಸನನ್ನು ಕರೆದುಕೊಂಡು ಹೋಗಿ ಉಪಚರಿಸಿ ಬೋಧಿಸಿದರು. ಎಫೆಸದಲ್ಲಿಯೂ ರೋಮಾಪುರದಲ್ಲಿಯೂ ಸಭೆಯು ಅವರ ಮನೆಯಲ್ಲೇ ಕೂಡಿತು. ಆದರವು ಗೋಡೆಗಳೊಳಗೆ ನೆಟ್ಟದ್ದಲ್ಲ, ಹೋದಲ್ಲಿಗೆ ಹೊತ್ತುಕೊಂಡು ಹೋಗತಕ್ಕದ್ದು ಎಂದು ಇದರಿಂದ ಕಲಿಯುತ್ತೇವೆ. ಅಲ್ಲದೆ ಆ ಭಾರವನ್ನು ಇಬ್ಬರೂ ಕೂಡಿಯೇ ಹೊತ್ತರೆಂಬದನ್ನೂ ಮರೆಯಬಾರದು.

ಯಾಕಂದರೆ ನಮ್ಮಲ್ಲಿ ಈ ಭಾರವು ಅನೇಕ ವೇಳೆ ಒಬ್ಬರ ಮೇಲೆಯೇ ಬೀಳುತ್ತದೆ. ಹೊರಗೆ ಹತ್ತು ಮನೆಗಳಲ್ಲಿ ಉಂಡವನು, ತನ್ನ ಮನೆಗೂ ಬರುವಂತೆ ಹತ್ತು ಮಂದಿಗೆ ಹೇಳಿ ಬರುತ್ತಾನೆ. ಒಲೆಯ ಮುಂದೆ ನಿಲ್ಲುವವಳೋ ಹೆಂಡತಿ. ಇದು ಅತಿಥಿಸತ್ಕಾರವಲ್ಲ, ಪರರ ಬೆವರಿನಿಂದ ಹೆಸರು ಸಂಪಾದಿಸುವದು. ಕರೆದವನು ಮುಂಚಿತವಾಗಿ ತಿಳಿಸಲಿ, ಬಾವಿಯಿಂದ ನೀರು ಸೇದಲಿ, ಎಲೆ ಹಾಕಲಿ, ಉಂಡಮೇಲೆ ಪಾತ್ರೆ ತೊಳೆಯಲಿ.

ಇನ್ನು ಕೆಲವು ಸಣ್ಣ ಮಾತುಗಳು. ಹೊರಡುವದಕ್ಕೆ ಮುಂಚೆ ಅಕ್ಕಿ, ಸೌದೆ, ಗ್ಯಾಸು, ಮಕ್ಕಳ ಶಾಲೆಯ ಹಣ ಇವನ್ನು ನೋಡಿ ಹೋಗು. ಮಳೆಗಾಲ ಬರುವದಕ್ಕೆ ಮೊದಲೇ ಮಾಡಿನ ಒಡೆದ ಹೆಂಚುಗಳನ್ನು ಬದಲಾಯಿಸು. ಸೋರುವ ಮನೆಯಲ್ಲಿ ಒಂಟಿಯಾಗಿ ರಾತ್ರಿ ಕಳೆಯುವವಳಿಗೆ ನಿನ್ನ ಪ್ರೀತಿಯ ಮಾತುಗಳಿಂದ ಏನಾದೀತು? ತಡವಾಗುವದಾದರೆ ಕೂಡಲೇ ತಿಳಿಸು. ಕೈಯಲ್ಲೇ ಫೋನು ಇರುವ ಈ ಕಾಲದಲ್ಲಿ ಅದಕ್ಕೆ ನೆವವಿಲ್ಲ. ಹಿಂತಿರುಗಿದಾಗ ಅತಿಥಿಯಂತೆ ಕುಳಿತುಕೊಳ್ಳಬೇಡ, ತನಿಖೆಗೆ ಬಂದ ಅಧಿಕಾರಿಯಂತೆ ಲೆಕ್ಕವನ್ನೂ ಕೇಳಬೇಡ. ನೀನಿಲ್ಲದಾಗ ಮನೆಯು ತನ್ನದೊಂದು ಕ್ರಮದಲ್ಲಿ ನಡೆದಿದೆ. ಮೊದಲು ಅದನ್ನು ತಿಳಿದುಕೊಂಡು ಅದರೊಳಗೆ ಸೇರು. ಮನೆಯಲ್ಲಿರುವವರಾದರೋ, ದೂರುಗಳನ್ನೆಲ್ಲಾ ಕೂಡಿಸಿಟ್ಟು ಬಾಗಲಲ್ಲೇ ಒಪ್ಪಿಸಬಾರದು. ಅಪ್ಪ ಬರಲಿ, ನೋಡಿಕೋ, ಎಂದು ಮಕ್ಕಳನ್ನು ಹೆದರಿಸಲೂ ಬಾರದು. ಹಾಗೆ ಮಾಡಿದರೆ ಬರವಿನ ಸಂತೋಷವು ಭಯವಾಗಿ ಮಾರ್ಪಡುತ್ತದೆ.

ಕಡೆಗೆ ಪ್ರತಿಯೊಬ್ಬ ಪ್ರಯಾಣಸ್ಥನೂ ತನ್ನನ್ನು ತಾನೇ ಕೇಳಿಕೊಳ್ಳತಕ್ಕ ಕಠಿಣವಾದ ಮಾತೊಂದುಂಟು. ಈ ಪ್ರಯಾಣವು ನಿಜವಾಗಿಯೂ ಅವಶ್ಯವೋ? ಅಥವಾ ಹೊರಗೆ ದೊರಕುವ ಮರ್ಯಾದೆಯು ಮನೆಯ ನಿತ್ಯದ ಕೆಲಸಕ್ಕಿಂತ ಹಗುರವಾದದ್ದರಿಂದ ಹೋಗುತ್ತೇನೋ? ಹೊರಗಿನವರು ನಮ್ಮನ್ನು ಒಂದು ರಾತ್ರಿ ಮಾತ್ರ ನೋಡುತ್ತಾರೆ, ಆದಕಾರಣ ಹೊಗಳುತ್ತಾರೆ. ಮನೆಯವರು ನಮ್ಮನ್ನು ಬಲ್ಲರು. ಹೀಗಿರಲಾಗಿ ಅವಶ್ಯವಾದ ಪ್ರಯಾಣವನ್ನು ಅಂಜದೆ ಮಾಡೋಣ, ನೆವದ ಪ್ರಯಾಣವನ್ನು ಬಿಟ್ಟುಬಿಡೋಣ. ಹಾಗೆ ಉಳಿದ ದಿವಸಗಳು ಸ್ವಲ್ಪವೇ ಆದರೂ ಅವುಗಳನ್ನು ಪೂರ್ಣವಾಗಿ ನಮ್ಮವರಿಗೆ ಕೊಡೋಣ. ಇದು ಬಡವನೂ ಕೊಡಬಲ್ಲ ಐಶ್ವರ್ಯವು.