ನಡುವಯಸ್ಸಿನ ಅಕ್ಷರಾಭ್ಯಾಸ

ಸಿಯಾಲ್ದಾ ನಿಲ್ದಾಣದಿಂದ ಹೊರಬಿದ್ದು ಬೈಠಕ್‌ಖಾನಾ ರಸ್ತೆಗೆ ತಿರುಗಿದರೆ ಕಾಗದದ ಅಂಗಡಿಗಳು, ರಟ್ಟು ಕಟ್ಟುವವರು, ಲಗ್ನಪತ್ರಿಕೆ ಮುದ್ರಿಸುವವರು. ಅಚ್ಚುಮೊಳೆಯ ಕಾಲ ಮುಗಿದು ಕಂಪ್ಯೂಟರು ಬಂದಾಗ ಈ ಕಸುಬಿನಲ್ಲಿ ಎಷ್ಟೋ ಮಂದಿ ನಲವತ್ತು ದಾಟಿದ ಮೇಲೆ ಕೀಲಿಮಣೆಯ ಮುಂದೆ ಕುಳಿತು ಪೇಜ್‌ಮೇಕರ್ ಕಲಿತರು. ಬೇರೆ ನೌಕರಿ ಬಿಟ್ಟು ಬಂದವರೂ ಉಂಟು. ಕೈ ಪಳಗುವಷ್ಟರಲ್ಲಿ ಅದೂ ಹಳತಾಯಿತು. 1999ರಲ್ಲಿ ಇನ್‌ಡಿಸೈನ್ ಬಂತು. 2001ರ ಏಳನೆಯ ಆವೃತ್ತಿಯೇ ಪೇಜ್‌ಮೇಕರಿನ ಕೊನೆಯದು.

ಒಮ್ಮೆ ಬದುಕಿನ ದಾರಿಯನ್ನೇ ಬದಲಿಸಿದವನಿಗೆ ‘ಮತ್ತೊಮ್ಮೆ ಮೊದಲಿನಿಂದ ಕಲಿ’ ಎನ್ನುವುದು ನ್ಯಾಯವೆ? ಕಲಿಕೆಗೆ ವಯಸ್ಸಿಲ್ಲವೆಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. (ಹೇಳುವವರು ಸಾಮಾನ್ಯವಾಗಿ ಕಲಿಯಬೇಕಾದವರಲ್ಲ!) ನಿದರ್ಶನಕ್ಕೂ ಕೊರತೆಯಿಲ್ಲ. ಮೊದಲು ಚಮ್ಮಾರಿಕೆ ಮಾಡುತ್ತಿದ್ದ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದವನು. ಹೂಗ್ಲಿಯ ಆಚೆ ದಡದ ಶ್ರೀರಾಮಪುರದಲ್ಲಿ 1817ರಲ್ಲಿ ಅವನ ಕನ್ನಡ ವ್ಯಾಕರಣ ಅಚ್ಚಾದಾಗ ವಯಸ್ಸು 55 ದಾಟಿತ್ತು. ನಿಜ, ಆದರೆ ಅವನಿಗೆ ಹೇಳಿಕೊಡುವ ಪಂಡಿತರಿದ್ದರು, ಫೋರ್ಟ್ ವಿಲಿಯಂ ಕಾಲೇಜಿನ ಸಂಬಳವಿತ್ತು. ಕಲಿಯುವ ಹೊತ್ತಿನಲ್ಲಿ ಮನೆಯ ಒಲೆ ಆರುವ ಭಯವಿರಲಿಲ್ಲ.

ಸಾಧನ ಬದಲಾದಾಗ ಬೆರಳಿನ ವೇಗ ಹೋಗುತ್ತದೆ, ಕಣ್ಣು ಹೋಗುವುದಿಲ್ಲ. ‘ನುಡಿ’ಯ ಹಳೆಯ ಲಿಪಿಯಲ್ಲಿ ಜೋಡಿಸಿದ ಕನ್ನಡ ಪುಟವನ್ನು ಹಾಗೆಯೇ ಯೂನಿಕೋಡ್ ಫಾಂಟಿಗೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಪರಿವರ್ತಿಸಿದ ಮೇಲೂ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಕೆಡುತ್ತವೆ. ಯಾವ ಗುಂಡಿ ಒತ್ತಬೇಕೆಂದು ಇಪ್ಪತ್ತರ ಹುಡುಗನಿಗೆ ಗೊತ್ತು. ಅರ್ಕಾವತ್ತು ತಪ್ಪಾಗಿ ಕುಳಿತದ್ದು ಹಳಬನಿಗೆ ಗೊತ್ತು. ಮಾಲೀಕರು ಮೊದಲನೆಯದಕ್ಕೆ ಮಾತ್ರ ಬೆಲೆ ಕಟ್ಟುವುದು ಅನ್ಯಾಯವೆಂದೇ ನನ್ನ ಮತ. ಹಾಗೆಂದು ಹಿರಿಯನೂ ‘ಈ ಪೋರನನ್ನು ಏನು ಕೇಳುವುದು’ ಎಂದು ಬಿಗಿದುಕೊಂಡು ಕೂರಬಾರದು.

ಊರು ಬಿಟ್ಟು ಬಂದ ನಮಗೆ ಈ ಸಂಕೋಚ ಹೊಸದಲ್ಲ. ಮಕ್ಕಳ ತಂದೆತಾಯಿಗಳಾದ ಮೇಲೆ ಬಂಗಾಳಿ ಕಲಿತವರು ನಮ್ಮಲ್ಲಿ ಎಷ್ಟು ಜನ! ನಗದೆ ತಿದ್ದಿದ ತರಕಾರಿಯವನನ್ನು ಇಂದಿಗೂ ನೆನೆಯುತ್ತೇವೆ.

ಹೊಸ ಸಾಧನ ಬೇಕೆನ್ನುವವನು ಮಾಲೀಕ, ಲಾಭವೂ ಅವನದೇ. ಆದ್ದರಿಂದ ಕಲಿಯುವ ಹೊತ್ತನ್ನೂ ಕೆಲಸದ ಹೊತ್ತೆಂದು ಎಣಿಸಿ ಕೂಲಿ ಕೊಡಬೇಕು. ಬಂಗಾಳಿಗಳಲ್ಲಿ ಮದುವೆಗಳಿಲ್ಲದ ಭಾದ್ರ ಮಾಸದಲ್ಲಿ ಲಗ್ನಪತ್ರಿಕೆಯ ಕೆಲಸ ತಗ್ಗುತ್ತದಲ್ಲ, ಆಗ ದಿನಕ್ಕೊಂದು ಗಂಟೆ ಬಿಟ್ಟುಕೊಟ್ಟರೂ ಸಾಕು.