ಬಿದ್ದವರಿಗೂ ಒಂದು ಪ್ರಶ್ನೆಯಿದೆ

ಬೈಕು ಗುದ್ದಿ ಒಬ್ಬರ ಕಾಲು ಮುರಿದರೆ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಮಾರನೆಯ ದಿನವೇ ಮಾತು ಶುರುವಾಗುತ್ತದೆ. ‘ಕಂಪ್ಲೇಂಟ್ ಕೊಟ್ರಾ? ಗಾಡಿಗೆ ಇನ್ಶೂರೆನ್ಸ್ ಇತ್ತಾ? ಬಿಲ್ ಎಲ್ಲ ಜೋಪಾನ.’ ಶಾಲೆಯ ಮೆಟ್ಟಿಲು ಹತ್ತದವರಿಗೂ ಈ ದಾರಿ ಗೊತ್ತು. ಆದರೆ ನನ್ನ ಸೋದರತ್ತೆ ಕಲ್ಯಾಣ ಮಂಟಪವೊಂದರಲ್ಲಿ ಊಟ ಮುಗಿಸಿ ಕೈ ತೊಳೆಯಲು ಹೋಗಿ, ಜಾರಿ, ಸೊಂಟದ ಮೂಳೆ ಮುರಿದುಕೊಂಡಾಗ ಅಂಥ ಒಂದು ಮಾತೂ ಏಳಲಿಲ್ಲ. ನುಣ್ಣನೆಯ ಗ್ರಾನೈಟಿನ ಮೇಲೆ ನೀರು, ಸಾರು ಎಲ್ಲ ಚೆಲ್ಲಿತ್ತು. ಹಿಡಿದುಕೊಳ್ಳಲು ಒಂದು ಕಂಬಿಯೂ ಇರಲಿಲ್ಲ. ನೋಡಲು ಬಂದವರೆಲ್ಲ ‘ಗ್ರಹಚಾರ’ ಎಂದು ನಿಟ್ಟುಸಿರು ಬಿಟ್ಟರು. ಅತ್ತೆಯೂ ‘ನಾನೇ ನೋಡ್ಕೊಂಡು ಕಾಲಿಡಬೇಕಿತ್ತು ಕಣೋ’ ಎಂದರು. ಮಂಟಪದ ಕಡೆಯಿಂದ ಯಾರೋ ಹಣ್ಣು ತಂದುಕೊಟ್ಟು ಹೋದರು. ಅವರ ದೊಡ್ಡತನವನ್ನು ಮನೆಮಂದಿಯೆಲ್ಲ ಹೊಗಳಿದರು.

ಮೂಳೆಯ ನೋವು, ಆಪರೇಷನ್ನಿನ ಖರ್ಚು, ಹಾಸಿಗೆ ಹಿಡಿದ ತಿಂಗಳುಗಳು ಎರಡೂ ಕಡೆ ಒಂದೇ. ಹಾಗಿದ್ದೂ ರಸ್ತೆಯ ಪೆಟ್ಟಿಗೆ ಪರಿಹಾರ ಕೇಳುವುದು ಹಕ್ಕು, ಮಂಟಪದ ಪೆಟ್ಟಿಗೆ ಕೇಳುವುದು ದುರಾಸೆ ಎಂದು ಅನಿಸುವುದೇಕೆ?

ರಸ್ತೆಯಲ್ಲಿ ಸತ್ತವರನ್ನೂ ಒಂದು ಕಾಲಕ್ಕೆ ವಿಧಿಗೇ ಒಪ್ಪಿಸುತ್ತಿದ್ದರು. 1939ರ ಮೋಟಾರು ವಾಹನ ಕಾಯಿದೆ ದಾರಿಹೋಕರಿಗೆ ಆಗುವ ಹಾನಿಗೂ ವಿಮೆ ಮಾಡಿಸಲೇಬೇಕೆಂಬ ನಿಯಮ ತಂದಿತು. 1956ರ ತಿದ್ದುಪಡಿ ಪರಿಹಾರ ಕೊಡಿಸುವುದಕ್ಕೆಂದೇ ಬೇರೆ ನ್ಯಾಯಮಂಡಳಿಗಳಿಗೆ ಎಡೆ ಮಾಡಿತು. ಕೇಳುವುದಕ್ಕೆ ಜಾಗ, ಕೊಡುವುದಕ್ಕೆ ವಿಮಾ ಕಂಪನಿ, ಎರಡೂ ಸಿಕ್ಕವು. ಜನರ ನಂಬಿಕೆ ಬದಲಾದದ್ದು ಆಮೇಲೆ. ಕಟ್ಟಡದೊಳಗೆ ಬಿದ್ದವರಿಗೆ ಅಂಥ ಬಾಗಿಲು ತೆರೆದಿಲ್ಲ. ಜಾಗ ಯಾರ ವಶದಲ್ಲಿದೆಯೋ ಅವರು ಒಳಗೆ ಬಂದವರ ಸುರಕ್ಷೆಗೆ ಹೊಣೆ ಎಂದು ಇಂಗ್ಲೆಂಡು 1957ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ನಮ್ಮಲ್ಲಿ ಹಾಗಿಲ್ಲ. ಸಾಮಾನ್ಯವಾಗಿ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕು, ಕೇಳುವ ಮೊತ್ತಕ್ಕೆ ತಕ್ಕ ಶುಲ್ಕ ಕಟ್ಟಬೇಕು, ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕು. ಅಷ್ಟರಲ್ಲಿ ನೆಲ ಒರೆಸಿ ಆಗಿರುತ್ತದೆ.

ಹೊಣೆ ಯಾರದೆಂಬುದೇ ಮೊದಲ ತೊಡಕು. ಅತ್ತೆಯನ್ನು ಕರೆದವರು ಮದುವೆ ಮನೆಯವರು. ಬಡಿಸಿದವರು ಅಡುಗೆ ಕಂಟ್ರಾಕ್ಟರು. ಕಟ್ಟಡ ಇನ್ನೊಬ್ಬರದು. ‘ನೆಂಟರ ಮೇಲೆ ಕೇಸಾ?’ ಎಂದು ಯಾರಾದರೂ ಗದರಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಕಾನೂನು ನೆಂಟಸ್ತಿಕೆಯನ್ನಾಗಲಿ ಖಾತೆಯಲ್ಲಿರುವ ಹೆಸರನ್ನಾಗಲಿ ಮೊದಲು ನೋಡುವುದಿಲ್ಲ. ಆ ಜಾಗದ ಮೇಲೆ ಹಿಡಿತ ಯಾರಿಗಿತ್ತು, ಅಪಾಯವನ್ನು ಕಂಡು ಸರಿಪಡಿಸುವ ಅಧಿಕಾರ ಯಾರ ಕೈಯಲ್ಲಿತ್ತು ಎಂದು ಹುಡುಕುತ್ತದೆ. ಒಂದು ದಿನಕ್ಕೆ ಬಾಡಿಗೆಗೆ ಪಡೆದವರು ನೀರು ಚೆಲ್ಲುವ ಜಾಗಕ್ಕೆ ನುಣುಪು ಕಲ್ಲು ಹಾಸಿದವರಲ್ಲ. ಹೀಗೆ ನೋಡಿದರೆ ಕೋಪ ಹೊರಳಬೇಕಾದ ದಿಕ್ಕೂ ಬೇರೆಯಾಗುತ್ತದೆ, ನೆಂಟಸ್ತಿಕೆಯೂ ಉಳಿಯುತ್ತದೆ.

‘ನಮಗೆ ಗೊತ್ತಿರಲಿಲ್ಲ’ ಎಂಬುದು ಜಾಗದವರ ಹಳೆಯ ಉತ್ತರ. ದೆಹಲಿಯ ಚಾಂದನಿ ಚೌಕದಲ್ಲಿ ನಗರಸಭೆಯ ಗಡಿಯಾರದ ಗೋಪುರ ಕುಸಿದು ಜನ ಸತ್ತಾಗಲೂ ಇದೇ ಉತ್ತರ ಬಂತು. ಗೋಪುರಕ್ಕೆ ಸುಮಾರು 80 ವರ್ಷವಾಗಿತ್ತು. ಅಂಥ ಗಾರೆಯ ಕಟ್ಟಡದ ಬಾಳಿಕೆ 40–45 ವರ್ಷ ಎಂದು ಎಂಜಿನಿಯರು ಸಾಕ್ಷ್ಯ ನುಡಿದರು. ಗಾರೆ ಹಿಡಿತ ಕಳೆದುಕೊಂಡು ಪುಡಿಯಾಗಿತ್ತು. ಭೂಕಂಪವಾಗಿರಲಿಲ್ಲ, ಬಿರುಗಾಳಿ ಬೀಸಿರಲಿಲ್ಲ. ದೋಷ ಕಣ್ಣಿಗೆ ಕಾಣುವಂತಿರಲಿ, ಒಳಗೇ ಅಡಗಿರಲಿ, ಸಾರ್ವಜನಿಕ ರಸ್ತೆಯ ಪಕ್ಕದ ಕಟ್ಟಡವನ್ನು ಆಗಾಗ ಪರೀಕ್ಷಿಸಿ ನೋಡುವುದು ಒಡೆಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟು 1966ರಲ್ಲಿ ತೀರ್ಪಿತ್ತಿತು. ನನ್ನ ಮಟ್ಟಿಗೆ ಈ ವಿಚಾರದ ತಿರುಳು ಇಲ್ಲಿದೆ. ಆಸ್ತಿಯ ಬಾಡಿಗೆ ಎಷ್ಟು ಬರುತ್ತದೆಂದು ತಿಳಿದುಕೊಳ್ಳುವವರು ಅದರ ಬಿರುಕು ಎಲ್ಲಿದೆಯೆಂದೂ ತಿಳಿದುಕೊಳ್ಳಬೇಕು.

ಕರೆಯದೆ ಬಂದವರ ಪಾಡೇನು? ಬಿಹಾರದಲ್ಲಿ ಒಬ್ಬಾತ ತನ್ನ ಪಾಯಿಖಾನೆಗೆ ಬೇರೆಯವರು ಬರಬಾರದೆಂದು ದಾರಿಗೆ ಬರಿ ತಂತಿ ಕಟ್ಟಿ ಕರೆಂಟು ಹರಿಸಿದ್ದ. ತಮ್ಮ ಮನೆಯ ಪಾಯಿಖಾನೆಯ ಗೋಡೆ ಬಿದ್ದುಹೋಗಿದ್ದರಿಂದ ಅಲ್ಲಿಗೆ ಹೋದ ನೆರೆಮನೆಯ ಹೆಂಗಸು ತಂತಿ ತಗುಲಿ ಸತ್ತಳು. ‘ನನ್ನ ಆಸ್ತಿ, ನನ್ನ ರಕ್ಷಣೆ’ ಎಂಬ ಆತನ ವಾದವನ್ನು 1963ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅಪ್ಪಣೆಯಿಲ್ಲದೆ ಕಾಲಿಟ್ಟವರ ಪ್ರಾಣವೂ ಪ್ರಾಣವೇ. ಹಂದಿ, ಆನೆಗಳ ಕಾಟಕ್ಕೆ ಬೇಸತ್ತು ಬೇಲಿಗೆ ನೇರವಾಗಿ ಲೈನಿನಿಂದ ಕರೆಂಟು ಕೊಡುವುದು ನಮ್ಮ ಕಾಡಂಚಿನ ಹೊಲಗಳಲ್ಲಿ ಹೊಸದಲ್ಲ. ಬೆಳೆ ಕಳೆದುಕೊಂಡ ರೈತರ ಸಂಕಟ ಸುಳ್ಳಲ್ಲ; ಆದರೆ ಆ ತಂತಿಗೆ ಹಂದಿ ಯಾವುದು, ನೀರು ಕಟ್ಟಲು ಬಂದ ಪಕ್ಕದ ಹೊಲದ ಹುಡುಗ ಯಾರೆಂದು ಗೊತ್ತಾಗದು.

ಇಷ್ಟು ಹೇಳಿದ ಮೇಲೂ ಒಂದು ಅಳುಕು ಉಳಿಯುತ್ತದೆ. ಬಿದ್ದವರೆಲ್ಲ ಲೆಕ್ಕ ಕೇಳಲು ನಿಂತರೆ ಯಾರು ತಾನೆ ಮನೆಯ ಬಾಗಿಲು ತೆರೆದಿಟ್ಟಾರು? ಊರ ಮಕ್ಕಳು ಆಡುವ ಮಾವಿನ ತೋಪಿಗೆ ಬೀಗ ಬೀಳುವುದಿಲ್ಲವೇ? ಈ ಅಳುಕು ಕೋರ್ಟಿಗೂ ಇದೆ. ರಾಜ್‌ಕೋಟ್‌ನಲ್ಲಿ ಕಚೇರಿಗೆ ನಡೆದು ಹೋಗುತ್ತಿದ್ದವರ ಮೇಲೆ ರಸ್ತೆಬದಿಯ ಮರ ಬಿದ್ದು ಅವರು ಸತ್ತಾಗ, ಪಾಲಿಕೆ ಪರಿಹಾರ ಕೊಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟು 1997ರಲ್ಲಿ ಹೇಳಿತು. ನಗರದ ಒಂದೊಂದು ಮರವನ್ನೂ ಸದಾ ಕಾಯುವ ಹೊರೆಯನ್ನು ಹೊರಿಸುವುದು ಸರಿಯಲ್ಲ ಎಂಬುದು ಅಲ್ಲಿನ ವಿಚಾರ. ಆ ಕುಟುಂಬವನ್ನು ನೆನೆದರೆ ತೀರ್ಪು ಕಠಿಣವೆನಿಸುತ್ತದೆ. ಆದರೂ ನೋವಾದಲ್ಲೆಲ್ಲ ತಪ್ಪು ಇರಲೇಬೇಕೆಂದಿಲ್ಲ ಎಂಬುದನ್ನು ಒಪ್ಪಲೇಬೇಕು. ತೋಪಿನ ಒಡೆಯರು ಪ್ರತಿ ಕೊಂಬೆಗೂ ಜಾಮೀನು ನಿಲ್ಲಬೇಕಿಲ್ಲ. ತೋಪಿನೊಳಗೆ ಕೊರೆಸಿ ಕೈಬಿಟ್ಟ ಕೊಳವೆ ಬಾವಿಯ ಬಾಯಿ ಮುಚ್ಚಿದ್ದರೆ ಸಾಕು. ಅದನ್ನು 2010ರಲ್ಲಿ ಸುಪ್ರೀಂ ಕೋರ್ಟೇ ಕಡ್ಡಾಯ ಮಾಡಿದೆ. ಆಮೇಲೂ ಮಕ್ಕಳು ಬಿದ್ದ ಸುದ್ದಿ ನಿಂತಿಲ್ಲ.

ಈ ನಡುವೆ ಬೋರ್ಡೊಂದು ಎಲ್ಲ ಕಡೆ ತಲೆ ಎತ್ತಿದೆ: ‘ಆಡಳಿತ ಮಂಡಳಿ ಜವಾಬ್ದಾರಿಯಲ್ಲ’. ಪಾರ್ಕಿಂಗ್, ಈಜುಕೊಳ, ಲಿಫ್ಟು, ಮಕ್ಕಳ ಜಾರುಬಂಡೆಯ ಪಕ್ಕದಲ್ಲೂ ಅದೇ. ದೆಹಲಿಯ ಐಷಾರಾಮಿ ಹೋಟೆಲೊಂದರ ಸಿಬ್ಬಂದಿಗೆ ಕೀಲಿ ಕೊಟ್ಟ ಕಾರು ಕಳುವಾದಾಗ ಹೋಟೆಲಿನವರು ಪಾರ್ಕಿಂಗ್ ಚೀಟಿಯಲ್ಲಿ ಅಚ್ಚಾದ ಇಂಥದೇ ಸಾಲನ್ನು ಮುಂದೊಡ್ಡಿದ್ದರು. ತನ್ನದೇ ನಿರ್ಲಕ್ಷ್ಯದ ಹೊಣೆಯಿಂದ ಚೀಟಿಯ ಮರೆಯಲ್ಲಿ ತಪ್ಪಿಸಿಕೊಳ್ಳಲಾಗದು ಎಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಳುವಾದ ಕಾರಿಗೆ ಒಪ್ಪಿದ ಈ ಮಾತು ಮುರಿದ ಸೊಂಟಕ್ಕೆ ಒಪ್ಪದೆ ಹೋದೀತೇ? ಆದರೆ ಬೋರ್ಡಿನ ಬಲ ಇರುವುದು ಕಾನೂನಿನಲ್ಲಿ ಅಲ್ಲ, ಓದಿದವರ ಮನಸ್ಸಿನಲ್ಲಿ. ಅದನ್ನು ನಂಬಿ ಬಿದ್ದವರು ತಾವಾಗಿಯೇ ಸುಮ್ಮನಾಗುತ್ತಾರೆ.

ಹಣ್ಣು ತಂದುಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಕರುಣೆ ಬಿದ್ದವರನ್ನು ಮಾತ್ರ ನೋಡುತ್ತದೆ, ಬಿದ್ದ ಜಾಗವನ್ನು ನೋಡುವುದಿಲ್ಲ. ಪರಿಹಾರ ಕೇಳುವವರ ಅರ್ಜಿ ಜಾಗವನ್ನೂ ನೋಡುವಂತೆ ಒತ್ತಾಯಿಸುತ್ತದೆ: ಗೊತ್ತಿತ್ತೇ, ಗೊತ್ತಿರಬೇಕಿತ್ತೇ, ಎಷ್ಟು ಖರ್ಚಿನಲ್ಲಿ ತಡೆಯಬಹುದಿತ್ತು? ಒಂದು ಕಂಬಿ, ಒರಟು ಕಲ್ಲಿನ ನಾಲ್ಕು ಚಪ್ಪಡಿ, ನೆಲ ಒರೆಸಲು ಒಬ್ಬ ಆಳು. ಇದರ ಬೆಲೆ ಆಪರೇಷನ್ನಿನ ಬಿಲ್ಲಿಗಿಂತ ಕಡಿಮೆಯೆಂದು ಒಮ್ಮೆ ಲೆಕ್ಕ ಸಿಕ್ಕಿದರೆ, ಒಳ್ಳೆಯವರಲ್ಲದ ಮಾಲೀಕರೂ ಕಂಬಿ ಹಾಕಿಸುತ್ತಾರೆ. ಅವರು ಒಳ್ಳೆಯವರಾಗಲಿ ಎಂದು ಕಾಯುವುದಕ್ಕಿಂತ ಆ ಲೆಕ್ಕವನ್ನು ಅವರ ಮುಂದಿಡುವುದು ಮುಂದಿನ ಮದುವೆಗೆ ಬರುವವರಿಗೆ ಹೆಚ್ಚು ಉಪಕಾರ.