ಅಂಕಪಟ್ಟಿಯೂ ಆಗಾಮಿಯೂ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ನನ್ನ ತಂಗಿಯ ಮಗ ಎಂಬಿಎ ಪ್ರವೇಶದ ಕ್ಯಾಟ್ ಪರೀಕ್ಷೆಗೆ ಓದುತ್ತಾನೆ. "ದೊಡ್ಡಮ್ಮ, ಡಿಗ್ರಿಯಲ್ಲಿ ಬಂದದ್ದೇ 55 ಪರ್ಸೆಂಟು. ಇನ್ನು ಅದೇ ನನ್ನ ಹಣೆಬರಹಾನಾ?" ಎಂದು ಕೇಳಿದ.

ವೇದಾಂತ ಕರ್ಮವನ್ನು ಸಂಚಿತ (ಕೂಡಿಟ್ಟದ್ದು), ಪ್ರಾರಬ್ಧ (ಫಲ ಕೊಡತೊಡಗಿದ್ದು), ಆಗಾಮಿ (ಈಗ ಮಾಡುತ್ತಿರುವುದು) ಎಂದು ಮೂರಾಗಿ ವಿಂಗಡಿಸುತ್ತದೆ. ಪ್ರಾರಬ್ಧವೆಂದರೆ ಬಿಲ್ಲು ಬಿಟ್ಟ ಬಾಣ, ಅಂಕಪಟ್ಟಿಯೂ ಹಾಗೆಯೇ. ಕ್ಯಾಟ್ ಬರೆದವರನ್ನು ಆರಿಸುವಾಗ ಬೆಂಗಳೂರಿನ ಐಐಎಂ ಹಳೆಯ ಅಂಕಗಳನ್ನು ತೂಗುತ್ತದೆ, ನಿಜ. ಆದರೆ ಕ್ಯಾಟ್ ಫಲಿತಾಂಶ, ಕೆಲಸದ ಅನುಭವ, ಸಂದರ್ಶನವನ್ನೂ ತೂಗುತ್ತದೆ. ಇವು ಆಗಾಮಿ, ಇವತ್ತಿನ ದುಡಿಮೆಗೆ ಸಿಗುವಂಥವು.

ಅವನಿಗೆ ಹೇಳಿದೆ: ಸಂದರ್ಶನದಲ್ಲಿ ಅಂಕ ಮುಚ್ಚಿಡಬೇಡ, ಕಾಲೇಜನ್ನು ದೂರಬೇಡ. ಬ್ಲಾಸ್ಟ್ ಫರ್ನೇಸಿನ ಪಾಳಿಯಲ್ಲಿ ಕೆಲಸಗಾರರ ಜೊತೆ ಕಲಿತದ್ದನ್ನು ಬಿಡಿಸಿ ಹೇಳು. ಕರ್ಮಸಿದ್ಧಾಂತ ಕೈಕಟ್ಟಿ ಕೂರಲು ಹುಟ್ಟಿದ್ದಲ್ಲ. ಹಿಂದೆ ಮಾಡಿದ್ದಕ್ಕೆ ಫಲವುಂಟು ಎಂದಮೇಲೆ ಇಂದು ಮಾಡುವುದಕ್ಕೂ ಫಲವುಂಟು.